ಮೊದಲು ಕೊಂಡವರ ಲೆಕ್ಕ

ಆಕಾಶವಾಣಿ ಹಾಸನದ ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ವಿಡಿಯೊ ಗೇಮ್ ಕನ್ಸೋಲ್‌ಗಳ ಬೆಲೆ. ಮಕ್ಕಳ ಆಟದ ಸುದ್ದಿ ನಮಗ್ಯಾಕೆ ಅಂತ ದಯವಿಟ್ಟು ರೇಡಿಯೊ ಆರಿಸಬೇಡಿ. ಬಿ.ಎಂ. ರಸ್ತೆಯಲ್ಲಿ ಅಂಗಡಿ ಇಟ್ಟವರು, ಬೇಲೂರು, ಸಕಲೇಶಪುರದಲ್ಲಿ ಟಿವಿ, ಮೊಬೈಲ್ ಮಾರುವವರು ಕೇಳಲಿ ಅಂತಲೇ ಇದನ್ನು ಆರಿಸಿಕೊಂಡಿದ್ದೇನೆ.

ಬೆಲೆ ಇಳಿಸೋದು ಎಲ್ಲ ವ್ಯಾಪಾರಿಗೂ ಗೊತ್ತು. ಇಳಿಸುವ ಹಿಂದಿನ ವಾರ ಪೂರ್ತಿ ಬೆಲೆ ಕೊಟ್ಟು ಹೋದ ಗಿರಾಕಿಗೆ ಏನು ಮಾಡಬೇಕು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಮೊದಲು ಕೊಂಡವರನ್ನು ಮರೀಬೇಡಿ. ನಾನು ಹೇಳಬೇಕಾಗಿರೋದು ಇಷ್ಟೇ. ನಡುನಡುವೆ ಇದನ್ನೇ ಮತ್ತೆ ಹೇಳ್ತೀನಿ, ಬೇಸರ ಮಾಡಿಕೊಳ್ಳಬೇಡಿ.

ಕನ್ಸೋಲ್ ಅಂದರೆ ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆ. ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ನಿಂಟೆಂಡೊದ ಸ್ವಿಚ್, ಇವು ಮೂರು ಈಗ ದೊಡ್ಡ ಹೆಸರು. ಪೆಟ್ಟಿಗೆಯಲ್ಲಿ ಕಂಪನಿಗೆ ಲಾಭ ಕಡಿಮೆ, ಎಷ್ಟೋ ಸಲ ನಷ್ಟವೇ. ನಮ್ಮ ಮನೆಗಳಲ್ಲಿ ಕಾಫಿ ಫಿಲ್ಟರ್ ಒಂದು ಸಲ ಕೊಳ್ತೀವಿ, ಪುಡಿ ತಿಂಗಳು ತಿಂಗಳೂ ಕೊಳ್ತೀವಿ, ಹಾಗೆ. ಪುಡಿ ಅಂದರೆ ಇಲ್ಲಿ ಆಟಗಳು. ಬೇರೆಯವರು ತಯಾರಿಸಿದ ಆಟ ಮಾರಾಟವಾದರೂ ಅದರಲ್ಲಿ ಒಂದು ಪಾಲು ಕನ್ಸೋಲ್ ಕಂಪನಿಗೆ ಬರುತ್ತೆ. ಹಾಗಾಗಿ ಪೆಟ್ಟಿಗೆ ಎಷ್ಟು ಮನೆಗೆ ಹೊಕ್ಕರೆ ಅಷ್ಟು ಒಳ್ಳೆಯದು. ಮೊದಲೆಲ್ಲ ವರ್ಷ ಕಳೆದ ಹಾಗೆ ಒಳಗಿನ ಚಿಪ್ ತಯಾರಿಸುವ ಖರ್ಚೂ ಕಡಿಮೆಯಾಗ್ತಿತ್ತು, ಆಗ ಬೆಲೆ ಇಳಿಸ್ತಿದ್ದರು. ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ದಲ್ಲಿ 299 ಡಾಲರ್ ಇತ್ತು. 2002ರ ಮೇ ತಿಂಗಳಲ್ಲಿ 199 ಆಯ್ತು. ಮಾರನೇ ದಿನವೇ ಎಕ್ಸ್‌ಬಾಕ್ಸ್ ಕೂಡ 199ಕ್ಕೆ ಇಳೀತು. 2009ರಲ್ಲಿ ಅದೇ ಪ್ಲೇಸ್ಟೇಷನ್ 2 ಬರೀ 99 ಡಾಲರ್. 15 ಕೋಟಿಗೂ ಹೆಚ್ಚು ಪೆಟ್ಟಿಗೆ ಹೋಯ್ತು.

ಇದು ನಿಧಾನವಾಗಿ ಇಳಿದ ಬೆಲೆ. ಯಾರಿಗೂ ಹೊಟ್ಟೆ ಉರಿಯಲಿಲ್ಲ. ಒಂದೂವರೆ ವರ್ಷ ಆಡಿ ಆಗಿತ್ತಲ್ಲ! ತೊಂದರೆ ಬರೋದು ಬೆಲೆ ಬೇಗ ಬಿದ್ದಾಗ. ಇಲ್ಲಿ ನನಗೆ ಬಹಳ ಪ್ರೀತಿಯ ಒಂದು ಪ್ರಸಂಗ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ.

2011ರ ಫೆಬ್ರವರಿ. ಜಪಾನಿನ ನಿಂಟೆಂಡೊ ಕಂಪನಿ 3ಡಿಎಸ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಯಂತ್ರ ತಂತು. ಕನ್ನಡಕ ಇಲ್ಲದೆ ತ್ರೀಡಿ ಚಿತ್ರ ಕಾಣುತ್ತೆ ಅನ್ನೋದೇ ಅದರ ಹೆಚ್ಚುಗಾರಿಕೆ. ಜಪಾನಿನಲ್ಲಿ 25,000 ಯೆನ್, ಅಮೆರಿಕದಲ್ಲಿ 250 ಡಾಲರ್. ಮಾರ್ಚ್ ಕೊನೆಯೊಳಗೆ 36 ಲಕ್ಷ ಹೋಯ್ತು. ಆಮೇಲಿನ ಮೂರು ತಿಂಗಳು ನೋಡಿ, ಇಡೀ ಪ್ರಪಂಚದಲ್ಲಿ 7 ಲಕ್ಷದ 10 ಸಾವಿರ ಮಾತ್ರ. ಒಳ್ಳೆಯ ಆಟಗಳು ಇನ್ನೂ ಬಂದಿರಲಿಲ್ಲ, ಬೆಲೆಯೂ ಜಾಸ್ತಿ. ಆಟ ಬರೆಯುವ ಕಂಪನಿಗಳು ಹಿಂದೆ ಸರಿದರೆ ಯಂತ್ರ ಅಲ್ಲಿಗೇ ಮುಗೀತು.

ಜುಲೈ 28ರಂದು ನಿಂಟೆಂಡೊ ಬೆಲೆ ಇಳಿಕೆ ಘೋಷಿಸಿತು. 25,000 ಯೆನ್ ಇದ್ದದ್ದು 15,000 ಯೆನ್. ಅಮೆರಿಕದಲ್ಲಿ 250 ಇದ್ದದ್ದು 170 ಡಾಲರ್. ಮಾರುಕಟ್ಟೆಗೆ ಬಂದು ಆರು ತಿಂಗಳೂ ಆಗಿರಲಿಲ್ಲ! ಅಂಗಡಿ ಮುಂದೆ ಸಾಲಿನಲ್ಲಿ ನಿಂತು ಮೊದಲ ದಿನವೇ ಕೊಂಡವನ ಹೊಟ್ಟೆ ಹೇಗೆ ಉರಿದಿರಬೇಕು, ಯೋಚನೆ ಮಾಡಿ. ಅವನು ಕಂಪನಿಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು. ನಂಬಿದ್ದಕ್ಕೇ ಅವನಿಗೆ 10,000 ಯೆನ್ ಲುಕ್ಸಾನು.

ಈಗ ಕಂಪನಿ ಏನು ಮಾಡ್ತು ಕೇಳಿ. ಅಧ್ಯಕ್ಷ ಸಟೋರು ಇವಾಟಾ ತಮ್ಮ ಸಂಬಳದಲ್ಲಿ ಅರ್ಧ ಕಡಿತ ಮಾಡಿಕೊಂಡರು. ಉಳಿದ ನಿರ್ದೇಶಕರ ಸಂಬಳಕ್ಕೂ ಕತ್ತರಿ ಬಿತ್ತು. ಗಿರಾಕಿಗಳಿಗೆ ಒಂದು ಪತ್ರ ಬರೆದರು. ಮೊದಲು ಕೊಂಡವರು ನಮಗೆ ಬಹಳ ಮುಖ್ಯ, ಅವರಿಗೆ ಮೋಸ ಹೋದ ಹಾಗೆ ಅನ್ನಿಸಬಹುದು ಅಂತ ಅದರಲ್ಲಿ ನೇರವಾಗಿ ಒಪ್ಪಿಕೊಂಡರು. ಬೆಲೆ ಇಳಿಯುವ ಮುಂಚೆ ಕೊಂಡು, ಕಂಪನಿಯ ಆನ್‌ಲೈನ್ ಅಂಗಡಿಗೆ ಒಂದು ಸಲ ಸಂಪರ್ಕ ಮಾಡಿದ್ದವರಿಗೆಲ್ಲ 20 ಆಟಗಳು ಪುಕ್ಕಟೆ. ಅವರಿಗೆ ರಾಯಭಾರಿಗಳು ಅಂತ ಹೆಸರೂ ಕೊಟ್ಟರು. ಸೆಪ್ಟೆಂಬರ್‌ನಲ್ಲಿ 10 ಹಳೆಯ ಆಟ ಬಂತು, ಡಿಸೆಂಬರ್‌ನಲ್ಲಿ ಇನ್ನೂ 10. ಈ ಎರಡನೇ ಹತ್ತನ್ನು ಆ ಯಂತ್ರಕ್ಕೆ ಬೇರೆ ಯಾರಿಗೂ ಯಾವತ್ತೂ ಮಾರಲೇ ಇಲ್ಲ. ದುಡ್ಡು ಕೊಡ್ತೀನಿ ಅಂದರೂ ಸಿಗದ ವಸ್ತು ಅದು. ಅಲ್ಲೇ ಇರೋದು ಜಾಣತನ. ಕಳಕೊಂಡ ಹಣ ಎಣಿಸ್ತಾ ಕೂತಿದ್ದವನ ಕೈಗೆ ಉಳಿದವರ ಹತ್ತಿರ ಇಲ್ಲದ್ದೊಂದನ್ನು ಕೊಟ್ಟರು.

ಆ ಆರ್ಥಿಕ ವರ್ಷ ನಿಂಟೆಂಡೊಗೆ ನಷ್ಟವಾಯ್ತು ನಿಜ. ಆದರೆ 2011ರ ಕೊನೆಗೆ ಮಾರಿಯೊ ಆಟಗಳು ಬಂದವು, 3ಡಿಎಸ್ ಎದ್ದು ನಿಂತಿತು. ಒಟ್ಟು ಏಳೂವರೆ ಕೋಟಿ ದಾಟಿ ಮಾರಾಟವಾಯ್ತು. ಬೆಲೆ ಇಳಿಸಿದ್ದು ಹೊಸ ಗಿರಾಕಿಗೆ, ಆಟ ಕೊಟ್ಟಿದ್ದು ಹಳೇ ಗಿರಾಕಿಗೆ. ಎರಡೂ ಒಂದೇ ದಿನ ಘೋಷಣೆಯಾಯ್ತು, ಇದನ್ನು ಗಮನಿಸಿ. ಜಗಳಕ್ಕೆ ಬಂದವನಿಗೆ ಮಾತ್ರ ಕೊಟ್ಟು ಸುಮ್ಮನಾಗಿಸಿದ್ದಲ್ಲ.

ಮೈಕ್ರೋಸಾಫ್ಟ್ ಕೂಡ 2002ರಲ್ಲಿ ಯುರೋಪಿನಲ್ಲಿ ಎಕ್ಸ್‌ಬಾಕ್ಸ್ ಬಿಟ್ಟ ಆರೇ ವಾರಕ್ಕೆ, ಬ್ರಿಟನ್ನಿನಲ್ಲಿ 299 ಪೌಂಡ್ ಇದ್ದದ್ದನ್ನು 199ಕ್ಕೆ ಇಳಿಸಿ, ಮೊದಲು ಕೊಂಡವರಿಗೆ ಎರಡು ಆಟ, ಕೈಯಲ್ಲಿ ಹಿಡಿದು ಆಟ ನಡೆಸುವ ಒಂದು ಕಂಟ್ರೋಲರ್ ಕೊಟ್ಟಿತ್ತು.

ಇವರೆಲ್ಲ ದೊಡ್ಡ ಕಂಪನಿಗಳು ಸಾರ್, ನಮ್ಮ ಕೈಲಾಗುತ್ತಾ ಅಂತ ನೀವು ಕೇಳ್ತೀರಿ. ಎಲ್ಲಿ ಹೋದರೂ ಇದೇ ಪ್ರಶ್ನೆ. ಆಗುತ್ತೆ! ನನ್ನ ಹತ್ತಿರ ಬಿ.ಕಾಂ. ಓದಿದ ಹುಡುಗನೊಬ್ಬ ಹಾಸನದಲ್ಲೇ ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟಿದ್ದಾನೆ. ಒಮ್ಮೆ ದೀಪಾವಳಿ ಹೊತ್ತಿಗೆ ಕಂಪನಿಯವರು ಕನ್ಸೋಲ್ ಬೆಲೆ ಇಳಿಸಿದರು. ಅವನು ಹೊಸ ಬೆಲೆಯ ಬೋರ್ಡ್ ಬರೆಸುವ ಮುಂಚೆ ಬಿಲ್ ಪುಸ್ತಕ ತೆಗೆದು, ಹಿಂದಿನ ಹಾಳೆಗಳನ್ನು ತಿರುವಿ, ಆ ತಿಂಗಳು ಕೊಂಡವರಿಗೆಲ್ಲ ತಾನೇ ಫೋನ್ ಮಾಡಿದ. ಬೆಲೆ ಇಳಿದಿದೆ ಅಣ್ಣ, ನಿಮಗೊಂದು ಗೇಮ್ ಎತ್ತಿಟ್ಟಿದ್ದೀನಿ, ಬಂದಾಗ ತಗೊಂಡು ಹೋಗಿ ಅಂದ. ಆಲೂರು ಕಡೆಯ ತೋಟದವರೊಬ್ಬರಿಗೆ ಬೆಲೆ ಇಳಿದ ಸುದ್ದಿಯೇ ಗೊತ್ತಿರಲಿಲ್ಲವಂತೆ. ನಾನು ಕೇಳೇ ಇಲ್ಲವಲ್ಲಪ್ಪ ಅಂದರಂತೆ. ಆಮೇಲೆ ಅವರ ಮನೆಗೆ ಫ್ರಿಜ್ ಬೇಕಾದಾಗ ಬೆಂಗಳೂರಿಗೆ ಹೋಗಲಿಲ್ಲ, ನೇರ ಇವನ ಅಂಗಡಿಗೇ ಬಂದರು. ಮೊದಲು ಕೊಂಡವರನ್ನು ಮರೀಬೇಡಿ ಅಂತ ನಾನು ತರಗತಿಯಲ್ಲಿ ಹೇಳಿದ್ದನ್ನು ಅವನೊಬ್ಬನಾದರೂ ಕೇಳಿಸಿಕೊಂಡಿದ್ದ.

ಸಮಯ ಆಗ್ತಾ ಬಂತು ಅಂತ ಆಚೆಯಿಂದ ಸನ್ನೆ ಮಾಡ್ತಿದ್ದಾರೆ, ಬೇಗ ಹೇಳಿಬಿಡ್ತೀನಿ. ಕೊಳ್ಳುವ ತಂದೆತಾಯಿಗಳೇ, ಕಾದರೆ ಅಗ್ಗವಾಗುತ್ತೆ ಅನ್ನುವ ಹಳೇ ನಂಬಿಕೆ ಈಗ ನಡೆಯೋದಿಲ್ಲ. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ 49,990 ರೂಪಾಯಿ, ಆಮೇಲೆ 54,990 ಆಯ್ತು. ಅಮೆರಿಕದಲ್ಲೂ 2025ರಲ್ಲಿ 50 ಡಾಲರ್ ಏರಿಸಿದರು. ಕೊಳ್ಳಲೇಬೇಕು ಅಂತಿದ್ದರೆ ಪೆಟ್ಟಿಗೆಯ ಬೆಲೆ ಒಂದನ್ನೇ ನೋಡಬೇಡಿ, ಮಗ ವರ್ಷಕ್ಕೆ ಎಷ್ಟು ಆಟ ಕೇಳ್ತಾನೆ, ಆನ್‌ಲೈನ್ ಚಂದಾ ಎಷ್ಟು, ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಬಿಲ್ಲಿನಲ್ಲಿ ನಿಮ್ಮ ಫೋನ್ ನಂಬರ್ ಬರೆಸಿ. ದುಡ್ಡು ಎಣಿಸಿ ಕೊಡುವ ಮುಂಚೆ ಅಂಗಡಿಯವರನ್ನು ಒಂದು ಮಾತು ಕೇಳಿ: ಮುಂದಿನ ವಾರ ಇದರ ಬೆಲೆ ಇಳಿದರೆ ನನಗೆ ಏನು ಮಾಡ್ತೀರಿ? ನಮಸ್ಕಾರ.