ಛತ್ರದ ಅಂಕಣದಲ್ಲಿ ಅಂಗಡಿ

ಕೇಳುಗರಿಗೆ ನಮಸ್ಕಾರ. ಮಲೆನಾಡಿನ ಹಳೆಯ ಪೇಟೆಬೀದಿಗಳಲ್ಲಿ ಒಂದು ಕಾಲಕ್ಕೆ ದಾರಿಹೋಕರಿಗೆ ಇರುಳಿನ ಆಸರೆಯಾಗಿದ್ದು, ಇಂದು ಬಟ್ಟೆ, ಕಿರಾಣಿ, ಪಾತ್ರೆಗಳ ಅಂಗಡಿಸಾಲಾಗಿ ನಿಂತಿರುವ ಛತ್ರಗಳ ಕಟ್ಟೋಣವನ್ನು ಕುರಿತು ಈ ಹೊತ್ತು ಮಾತನಾಡಲಿದ್ದೇನೆ. ನಾಲ್ಕಾರು ಅಂಗಡಿಗಳ ಮೇಲೆ ಒಂದೇ ಮಾಡು, ಎಂದರೆ ಇಳಿಜಾರು ಛಾವಣಿ, ಎಡೆಬಿಡದೆ ಹಾಯ್ದಿದ್ದು, ಮುಂದೆ ಒಂದೇ ಎತ್ತರದ ಜಗಲಿ ಉದ್ದಕ್ಕೂ ಸಾಗಿ, ಕಂಬದಿಂದ ಕಂಬಕ್ಕಿರುವ ಅಂತರ ಎಲ್ಲೆಡೆಯೂ ಸಮನಾಗಿದ್ದರೆ, ಆ ಅಂಗಡಿಗಳು ಒಂದೇ ಹಳೆಯ ಕಟ್ಟಡದ ತುಂಡುಗಳೆಂದು ತಿಳಿಯಬೇಕು.

ಘಟ್ಟದ ಮೇಲಿನ ಅಡಿಕೆ, ಮೆಣಸು, ಅಕ್ಕಿ ಹೇರಿನ ಎತ್ತುಗಳ ಬೆನ್ನಮೇಲೆ ಕರಾವಳಿಗಿಳಿದು, ಅಲ್ಲಿಂದ ಉಪ್ಪು, ತೆಂಗು, ಒಣಮೀನು ಮೇಲೇರುತ್ತಿದ್ದ ಕಾಲದಲ್ಲಿ ತಂಗುದಾಣವಿಲ್ಲದೆ ವ್ಯಾಪಾರವೇ ಇರಲಿಲ್ಲ. 1763ರಲ್ಲಿ ಹೈದರಾಲಿಯ ವಶವಾಗಿ ಮುಂದೆ ನಗರವೆಂದು ಹೆಸರಾದ ಕೆಳದಿ ಅರಸರ ಬಿದನೂರು ಬೆಳೆದದ್ದು ಇಂಥ ಘಟ್ಟದಾರಿಯ ನೆತ್ತಿಯಲ್ಲೇ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿತು, ಆಮೇಲೆ ಬಸ್ಸುಗಳು ಬಂದವು. ಸಂಜೆಗೆ ಮನೆ ಸೇರಬಲ್ಲವನಿಗೆ ಛತ್ರದ ಅಗತ್ಯವೇ ಉಳಿಯಲಿಲ್ಲ. ಬೀದಿಗೆ ಮುಖಮಾಡಿದ್ದ ಜಾಗಕ್ಕೆ ಬಾಡಿಗೆ ಕೊಡುವವರು ಮಾತ್ರ ಇದ್ದರು.

ಈ ಮಾರ್ಪಾಟು ಇಷ್ಟು ಸಲೀಸಾಗಿ ನಡೆದದ್ದೇಕೆ ಎಂಬುದು ನನ್ನನ್ನು ಬಹಳವಾಗಿ ಸೆಳೆದ ಪ್ರಶ್ನೆ, ಮತ್ತು ಅದರ ಉತ್ತರ ಅಂಕಣದಲ್ಲಿದೆ ಎಂಬುದು ನನ್ನ ನಂಬಿಕೆ. ಎರಡು ಕಂಬಗಳ ನಡುವಿನ ಜಾಗವೇ ಅಂಕಣ. ದೊರೆಯುವ ತೊಲೆಯ ಉದ್ದವೂ ಅದು ಬಾಗದೆ ಹೊರಬಲ್ಲ ಭಾರವೂ ಅದರ ಅಳತೆಯನ್ನು ಗೊತ್ತುಮಾಡುತ್ತವೆ. ಹಲಸು, ಹೊನ್ನೆ, ಮತ್ತಿಯ ಕಂಬ, ಅದರ ತಲೆಯ ಮೇಲೆ ತೊಲೆಯನ್ನು ಎರಡೂ ಕಡೆಯಿಂದ ಆತುಕೊಳ್ಳುವ ಬೋದಿಗೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಹಾಸಿ ಮಣ್ಣು ಮೆತ್ತಿದ ಮುಚ್ಚಿಗೆ: ಇಷ್ಟರ ಭಾರವೆಲ್ಲ ಕಂಬಗಳ ಮೂಲಕ ನೆಲಕ್ಕಿಳಿಯುತ್ತದೆಯೇ ಹೊರತು ಒಳಗಿನ ಅಡ್ಡಗೋಡೆಗಳ ಮೇಲೆ ಕೂರುವುದಿಲ್ಲ. ಆದುದರಿಂದ ಪ್ರಯಾಣಿಕರು ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದ ಪಡಸಾಲೆಯಲ್ಲಿ ಕಂಬದಿಂದ ಹಿಂಗೋಡೆಗೆ ಒಂದು ತೆಳುವಾದ ಮರೆ ಎಬ್ಬಿಸಿದರೆ ಸಾಕು, ಒಂದು ಅಂಕಣ ಒಂದು ಅಂಗಡಿಯಾಗುತ್ತದೆ. ಮರೆಯನ್ನು ತೆಗೆದರೆ ಮತ್ತೆ ಪಡಸಾಲೆ. ಕಟ್ಟಿದವರು ಅಂಗಡಿಯ ಯೋಚನೆ ಮಾಡಿರಲಿಲ್ಲ, ಆದರೂ ಅವರ ಲೆಕ್ಕ ಅಂಗಡಿಗೂ ಒದಗಿತು.

ಮೊದಮೊದಲ ಅಂಗಡಿಕಾರರು ಈ ಲೆಕ್ಕವನ್ನು ಗೌರವಿಸಿದರು. ತೆರೆದಿದ್ದ ಅಂಕಣಕ್ಕೆ ಅವರು ಹಾಕಿಸಿದ್ದು ಹಲಗೆಬಾಗಿಲು. ಹೊಸ್ತಿಲಲ್ಲೂ ಮೇಲಿನ ಅಡ್ಡಪಟ್ಟಿಯಲ್ಲೂ ಹಲಗೆಯ ಅಂಚು ಕೂರುವಂತೆ ಉದ್ದನೆಯ ಕಚ್ಚು ಕೊರೆದು, ಒಂದೊಂದೇ ಹಲಗೆಯನ್ನು ಸಂಖ್ಯೆಯ ಕ್ರಮದಲ್ಲಿ ಸರಿಸಿ ನಿಲ್ಲಿಸಿ, ಕೊನೆಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಹಾಯಿಸಿ ಬೀಗ ಹಾಕುವ ಏರ್ಪಾಡು. ಇದರಿಂದ ತೊಲೆಗಾಗಲಿ ಕಂಬಕ್ಕಾಗಲಿ ಪೆಟ್ಟಾಗಲಿಲ್ಲ. ಮುಂದೆ ಬಂದ ಉರುಳುವ ಷಟರಿಗೆ ಸುರುಳಿ ಕೂರುವ ಜಾಗ ಬೇಕು. ಅದಕ್ಕಾಗಿ ಬೋದಿಗೆಯ ಚಾಚನ್ನು ಕತ್ತರಿಸಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ಏಕೆಂದರೆ ಕತ್ತರಿಸಿದ್ದು ಅಲಂಕಾರವನ್ನಲ್ಲ, ತೊಲೆಯ ಆಸರೆಯನ್ನು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಇಂಥ ಸೀಮೆಯಲ್ಲಿ ಕಟ್ಟಡವೆಂದರೆ ಮೊದಲಿಗೆ ಮಾಡು. ಕಡಿದಾದ ಇಳಿಜಾರು, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು, ಸೂರಿನ ನೀರು ಸಿಡಿಯದಷ್ಟು ಎತ್ತರದ ಜಗಲಿ, ಈ ಮೂರೂ ಒಂದಕ್ಕೊಂದು ಹೊಂದಿದ ಅಳತೆಗಳು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಒಂದಕ್ಕೊಂದು ಕೊಂಡಿಯಾಗಿ ಕೂರುವ ಚಪ್ಪಟೆ ಹೆಂಚು ಕ್ರಮೇಣ ಘಟ್ಟ ಹತ್ತಿ ನಾಡಹೆಂಚಿನ ಜಾಗವನ್ನು ಹಿಡಿಯಿತು. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವ, ಎಂದರೆ ಸರಿದ, ಒಡೆದ ಹೆಂಚುಗಳನ್ನು ಸರಿಪಡಿಸುವ, ಕೆಲಸ ಮಾತ್ರ ತಪ್ಪಲಿಲ್ಲ. ಛತ್ರಕ್ಕೆ ಒಬ್ಬ ಮೇಲ್ವಿಚಾರಕನಿದ್ದ. ಅಂಗಡಿಸಾಲಿನಲ್ಲಿ ಒಂದೇ ಮಾಡಿನ ಕೆಳಗೆ ಹಲವು ಬಾಡಿಗೆದಾರರಿದ್ದಾರೆ, ಒಬ್ಬರ ತಲೆಯ ಮೇಲೆ ಒಡೆದ ಹೆಂಚಿನ ನೀರು ಮಾಡಿನ ಇಳಿಜಾರಿನ ಮರವಾದ ಪಕಾಸಿಯ ಗುಂಟ ಹರಿದು ಮೂರನೆಯವರ ಗೋಡೆಯಲ್ಲಿ ಇಳಿಯುತ್ತದೆ.

ಹಿಂಭಾಗದ ಅಡುಗೆಸಾಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ದಿನವೂ ಉರಿಯುತ್ತಿದ್ದ ಸೌದೆ ಒಲೆಗಳ ಹೊಗೆ ಅಟ್ಟವನ್ನು ಹಾದು ಹೆಂಚಿನ ಸಂದಿಯಿಂದ ಹೊರಹೋಗುವಾಗ ಜಂತೆ, ಪಕಾಸಿ, ಹೆಂಚು ಕೂರುವ ರೀಪುಗಳನ್ನೆಲ್ಲ ಒಣಗಿಸಿ, ಮಸಿಯ ಲೇಪ ಕೊಟ್ಟು, ಹುಳು ಹಿಡಿಯದಂತೆ ಕಾಯುತ್ತಿತ್ತು. ಛತ್ರ ಅಂಗಡಿಯಾದ ದಿನ ಒಲೆ ಆರಿತು. ಅಲ್ಲಿಂದೀಚೆಗೆ ಆ ಮರಕ್ಕೆ ಕಾವಲಿಲ್ಲ. ಕರಾವಳಿಯವರು ಮರಕ್ಕೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನಾದರೂ ಬಳಿಯದಿದ್ದರೆ ಗೆದ್ದಲು ತನ್ನ ಕೆಲಸವನ್ನು ಸದ್ದಿಲ್ಲದೆ ಮುಗಿಸುತ್ತದೆ.

ನಡುವಿನ ತೊಟ್ಟಿಯದೂ ಇದೇ ಕಥೆ. ನಾಲ್ಕು ಮಾಡುಗಳ ನೀರನ್ನು ಹಿಡಿದು ಕಲ್ಲಿನ ತೂಬಿನಿಂದ ಹೊರಗೆ ಕಳಿಸುತ್ತಿದ್ದ, ಕತ್ತಲ ಅಂಕಣಗಳಿಗೆ ಬೆಳಕು ಗಾಳಿ ಕೊಡುತ್ತಿದ್ದ ಆ ತೆರಪಿಗೆ ತಗಡು ಹೊದಿಸಿ ಗೋದಾಮು ಮಾಡಿದರೆ, ಒಳಗಿನ ತೇವ ಹೊರಹೋಗುವ ದಾರಿಯೇ ಮುಚ್ಚುತ್ತದೆ. ಮಣ್ಣು, ಜಂಬಿಟ್ಟಿಗೆಯ ಗೋಡೆಗೆ ಸುಣ್ಣದ ಗಾರೆ ತೆಗೆದು ಸಿಮೆಂಟು ಬಳಿದಲ್ಲಿ ಈ ತೇವ ಗೋಡೆಯೊಳಗೇ ಉಳಿದು, ಕಂಬದ ಬುಡಕ್ಕೆ ತಲುಪುತ್ತದೆ.

ಇಂಥ ಸಾಲಿನಲ್ಲಿ ಬಾಡಿಗೆಗಿರುವವರಲ್ಲಿ ನನ್ನ ಕೋರಿಕೆ ಇಷ್ಟು: ಕಪಾಟುಗಳನ್ನು ಹಿಂಗೋಡೆಗೆ ಅಂಟಿಸದೆ ಗೇಣು ಬಿಟ್ಟು ನಿಲ್ಲಿಸಿ, ಅಟ್ಟದ ಮೇಲೆ ಮೂಟೆ ಪೇರಿಸಬೇಡಿ, ಫಲಕವನ್ನು ಸೂರಿಗೆ ಮೊಳೆ ಹೊಡೆಯದೆ ಕಂಬಗಳ ನಡುವೆ ತೂಗುಹಾಕಿ, ಮೇ ತಿಂಗಳಲ್ಲಿ ಎಲ್ಲರೂ ಕೂಡಿ ಇಡೀ ಮಾಡಿಗೆ ಒಟ್ಟಿಗೆ ಹೆಂಚು ಕೈಯಾಡಿಸಿ. ನಮಸ್ಕಾರ.