ಎಂಟು ಮಿಲಿಮೀಟರ್ ಉಕ್ಕು

ಎಲ್ಲರಿಗೂ ನಮಸ್ಕಾರ. ಇದು ಪ್ಲಾಸ್ಟಿಕ್ ಮಾದರಿ ಕಿಟ್ ಕಟ್ಟುವವರ ಸಭೆ. ಭಾಗಗಳು ಅಂಟಿಕೊಂಡು ಬರುವ ಚೌಕಟ್ಟೇ ಸ್ಪ್ರೂ, ನಿಜದ ಅಳತೆಯ 35ನೇ ಒಂದು ಪಾಲೇ 1:35 ಅಂತ ನಾನು ಹೇಳಬೇಕಾಗಿಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಬೆಳಿಗ್ಗೆ ಹೊರಗಿನ ಮೇಜುಗಳನ್ನೆಲ್ಲ ನೋಡಿಕೊಂಡು ಬಂದೆ. ಎರಡನೇ ಮಹಾಯುದ್ಧದ ಸಾಲಿನಲ್ಲಿ ಜರ್ಮನ್ ಗಾಡಿಗಳೇ ಜಾಸ್ತಿ. ಕೆಲಸ ಬಹಳ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಕ್ಕದಲ್ಲಿಟ್ಟ ಚೀಟಿಗಳನ್ನು ಓದಿದೆ. ಕಿಟ್ ಯಾವ ಕಂಪನಿಯದು, ಬಣ್ಣ ಯಾವುದು, ಅಷ್ಟೇ ಇದೆ. ಗಾಡಿ ಯಾವ ದಳದ್ದು? ಯಾವ ಊರಿನಲ್ಲಿತ್ತು? ಅದರಲ್ಲಿ ಕೂತು ಬಂದವರು ಆ ಊರಿಗೆ ಏನು ಮಾಡಿದರು? ಯಾವ ಚೀಟಿಯಲ್ಲೂ ಇಲ್ಲ. ಇವತ್ತು ನನಗೆ ಕೊಟ್ಟ ವಿಷಯ ಹಾಫ್-ಟ್ರ್ಯಾಕ್, ಅಂದರೆ ಮುಂದೆ ಚಕ್ರ, ಹಿಂದೆ ಟ್ಯಾಂಕಿನಂಥ ಪಟ್ಟಿ ಇರುವ ಗಾಡಿ, ಕಟ್ಟುವ ಬಗೆ. ಅದನ್ನೂ ಹೇಳುತ್ತೇನೆ, ಇದನ್ನೂ ಹೇಳುತ್ತೇನೆ. ನನ್ನ ಮಟ್ಟಿಗೆ ಇವೆರಡು ಬೇರೆ ಬೇರೆ ವಿಷಯ ಅಲ್ಲ.

ಉದಾಹರಣೆಗೆ ಒಂದೇ ಗಾಡಿ ಸಾಕು. ಎಸ್‌ಡಿ ಕೆಎಫ್‌ಝಡ್ 251. ನಾವು ಸುಮ್ನೆ ಹಾನೊಮಾಗ್ ಎನ್ನುತ್ತೇವಲ್ಲ, ಅದು. ಹ್ಯಾನೋವರ್ ನಗರದ ಹಾನೊಮಾಗ್ ಕಂಪನಿ ಫಿರಂಗಿ ಎಳೆಯಲು ಮೂರು ಟನ್‌ನ ಹಾಫ್-ಟ್ರ್ಯಾಕ್ ಮಾಡುತ್ತಿತ್ತು. ಅದರ ಚಾಸಿ ಮೇಲೆ ಉಕ್ಕಿನ ಮೈ ಕೂರಿಸಿದರು. ಚಾಲಕ, ಕಮಾಂಡರ್, ಹಿಂದೆ ಹತ್ತು ಜನ ಸೈನಿಕರು. ಮೇಬ್ಯಾಕ್‌ನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, 100 ಅಶ್ವಶಕ್ತಿ. ತೂಕ ಸುಮಾರು ಎಂಟು ಟನ್. 1939ರಿಂದ 1945ರವರೆಗೆ ಎಲ್ಲ ಬಗೆಗಳೂ ಸೇರಿ ಸುಮಾರು 15 ಸಾವಿರ ಗಾಡಿಗಳು ತಯಾರಾದವು.

ಈಗ ಲೆಕ್ಕ ಹಾಕೋಣ. ನಿಜವಾದ ಗಾಡಿಯ ಉದ್ದ 5.80 ಮೀಟರ್. 35ರಿಂದ ಭಾಗಿಸಿದರೆ ಹದಿನಾರೂವರೆ ಸೆಂಟಿಮೀಟರ್. ಅಗಲ ಆರು ಸೆಂಟಿಮೀಟರ್. ಇದನ್ನು ಎಲ್ಲರೂ ಅಳೆಯುತ್ತೀರಿ. ಆದರೆ ಉಕ್ಕಿನ ದಪ್ಪ ಯಾರಾದರೂ ಅಳೆದಿದ್ದೀರಾ? ಪಕ್ಕದ ತಗಡು 8 ಮಿಲಿಮೀಟರ್. ಮುಂದೆ 14.5. ಎಂಟನ್ನು 35ರಿಂದ ಭಾಗಿಸಿ. 0.23 ಮಿಲಿಮೀಟರ್ ಬರುತ್ತದೆ. ಇದೋ, ಇದು ನನ್ನ ವಿಸಿಟಿಂಗ್ ಕಾರ್ಡ್. ನಿಮ್ಮ ಮಾದರಿಯ ಗೋಡೆ ಇದಕ್ಕಿಂತಲೂ ತೆಳ್ಳಗಿರಬೇಕಾಗಿತ್ತು.

ಅಷ್ಟು ತೆಳ್ಳಗೆ ಪ್ಲಾಸ್ಟಿಕ್ ಎರಕ ಹೊಯ್ಯಲು ಬರುವುದಿಲ್ಲ. ಕಿಟ್‌ನ ಗೋಡೆ ಒಂದು ಮಿಲಿಮೀಟರ್ ಇದೆ ಅಂದುಕೊಳ್ಳಿ. ನಿಜದ ಅಳತೆಯಲ್ಲಿ ಅದು 35 ಮಿಲಿಮೀಟರ್. ಯುದ್ಧದ ಆರಂಭದಲ್ಲಿದ್ದ ಪ್ಯಾಂಜರ್ 3 ಟ್ಯಾಂಕಿನ ಮುಂಭಾಗವೇ 30 ಮಿಲಿಮೀಟರ್! ಅಂದರೆ ನಮಗೇ ಗೊತ್ತಿಲ್ಲದೆ ನಾವು ಟ್ಯಾಂಕಿಗಿಂತ ದಪ್ಪ ಗೋಡೆಯ ಹಾಫ್-ಟ್ರ್ಯಾಕ್ ಕಟ್ಟುತ್ತಿದ್ದೇವೆ. ನೋಡಿದವರು ಭದ್ರವಾದ ಕೋಟೆ ಅಂದುಕೊಳ್ಳುತ್ತಾರೆ. ಅಲ್ಲ, ಅದು ಎಂಟು ಮಿಲಿಮೀಟರ್. ರೈಫಲ್ ಗುಂಡು, ಶೆಲ್ ಚೂರು ತಡೆಯಲು ಮಾಡಿದ್ದು. ಸೋವಿಯತ್ ಸೈನಿಕರು ಹೆಗಲ ಮೇಲೆ ಹೊತ್ತೊಯ್ಯುತ್ತಿದ್ದ ಟ್ಯಾಂಕ್ ವಿರೋಧಿ ರೈಫಲ್ಲಿನ ಗುಂಡು ಅದನ್ನು ಸಲೀಸಾಗಿ ತೂರಿಹೋಗುತ್ತಿತ್ತು. ಆ ಗುಂಡಿನ ವ್ಯಾಸವೂ 14.5 ಮಿಲಿಮೀಟರ್, ಈ ಗಾಡಿಯ ಮೂತಿಯ ತಗಡಿನ ದಪ್ಪದಷ್ಟೇ.

ಇದಕ್ಕೆ ಉಪಾಯ ಇದೆ. ಗೋಡೆ ಪೂರ್ತಿ ತೆಳ್ಳಗೆ ಮಾಡಬೇಕಿಲ್ಲ, ಕಣ್ಣಿಗೆ ಕಾಣುವುದು ಅಂಚು ಮಾತ್ರ. ಮೇಲಿನ ಅಂಚು, ಹಿಂದಿನ ಬಾಗಿಲಿನ ಅಂಚು, ಮೆಷಿನ್ ಗನ್ನಿನ ಅಡ್ಡತಗಡು, ಇವನ್ನು ಒಳಮಗ್ಗುಲಿನಿಂದ ಹೊಸ ಬ್ಲೇಡಿನಲ್ಲಿ ಓರೆಯಾಗಿ ಹೆರೆಯಿರಿ. ಕತ್ತರಿಸಬೇಡಿ, ಹೆರೆಯಿರಿ. ಆಮೇಲೆ 600ರ ಸ್ಯಾಂಡ್ ಪೇಪರ್. ಒಂದು ಸಂಜೆಯ ಕೆಲಸ. ಅಡ್ಡತಗಡಿಗೆ ಫೋಟೋ-ಎಚ್, ಅಂದರೆ ರಾಸಾಯನಿಕದಲ್ಲಿ ಕೊರೆದ ತೆಳು ಹಿತ್ತಾಳೆ ಹಾಳೆ, ಸಿಕ್ಕರೆ ಇನ್ನೂ ಒಳ್ಳೆಯದು. ಅಂಚು ತೆಳುವಾದ ಕೂಡಲೇ ಗಾಡಿಯ ಸ್ವಭಾವವೇ ಬದಲಾಗುತ್ತದೆ.

ಮೇಲೆ ಮುಚ್ಚಳ ಇಲ್ಲ ಅನ್ನುವುದು ಇನ್ನೂ ದೊಡ್ಡ ವಿಷಯ. ಟ್ಯಾಂಕ್ ಕಟ್ಟುವಾಗ ಹ್ಯಾಚ್ ಮುಚ್ಚಿ ಅಂಟು ಹಾಕಿದರೆ ಒಳಗೆ ಯಾರಿದ್ದರು ಅಂತ ಯೋಚಿಸುವ ಅಗತ್ಯವೇ ಬರುವುದಿಲ್ಲ. ಇಲ್ಲಿ ಹಾಗಾಗುವುದಿಲ್ಲ. ಒಳಗಿನ ಬೆಂಚು, ರೈಫಲ್ ಸ್ಟ್ಯಾಂಡು, ಜನ ಎಲ್ಲವೂ ಕಾಣುತ್ತದೆ. ಅದಕ್ಕೇ ಹೊಸಬರಿಗೆ ಹೇಳುತ್ತೇನೆ: ಸೂಚನಾ ಪುಸ್ತಕ ಚಕ್ರದಿಂದ ಶುರುವಾದರೂ ನೀವು ಒಳಗಿನಿಂದ ಶುರು ಮಾಡಿ. ಮೇಲಿನ ಅರ್ಧ, ಕೆಳಗಿನ ಅರ್ಧ ಎರಡನ್ನೂ ಬೇರೆಬೇರೆಯಾಗಿ ಬಣ್ಣ ಹಚ್ಚಿ, ಆಮೇಲೆ ಕೂಡಿಸಿ. ಅಚ್ಚಿನಿಂದ ಭಾಗವನ್ನು ಹೊರದಬ್ಬುವ ಇಜೆಕ್ಟರ್ ಪಿನ್ನಿನ ದುಂಡು ಗುರುತುಗಳು ಗೋಡೆಯ ಒಳಮೈಯಲ್ಲೇ ಬಿದ್ದಿರುತ್ತವೆ. ಪುಟ್ಟಿ ತುಂಬಿ ತಿಕ್ಕಿ, ಬೆಂಚು ಅಂಟಿಸುವ ಮೊದಲೇ. ಸ್ಟೀರಿಂಗ್ ಚಕ್ರ ತಲೆಕೆಳಗಾದ ಓರೆಯಲ್ಲಿ ಕಂಡರೆ ಗಾಬರಿ ಬೇಡ, ಅದು ಇದ್ದದ್ದೇ ಹಾಗೆ.

ಬೆಳಿಗ್ಗೆ ಚಹಾ ಹೊತ್ತಿನಲ್ಲಿ ಒಬ್ಬರು "ಏನೇ ಹೇಳಿ ಸಾರ್, ಜರ್ಮನ್ ಎಂಜಿನಿಯರಿಂಗ್ ಅಂದ್ರೆ ಎಂಜಿನಿಯರಿಂಗ್" ಅಂದರು. ಕೆಲಸಗಾರಿಕೆ ಒಳ್ಳೆಯದಿತ್ತು, ಒಪ್ಪುತ್ತೇನೆ. ಆದರೆ ಆ ಚಕ್ರಗಳನ್ನು ನೋಡಿ. ಒಂದರ ಸಂದಿಯಲ್ಲಿ ಇನ್ನೊಂದು ಕೂತಿದೆ. ಒಳಗಿನ ಚಕ್ರ ಬದಲಿಸಬೇಕಾದರೆ ಹೊರಗಿನವನ್ನು ಬಿಚ್ಚಬೇಕು. ರಷ್ಯಾದ ಚಳಿಯಲ್ಲಿ ಸಂದಿಯ ಕೆಸರು ಹೆಪ್ಪುಗಟ್ಟಿ ಚಕ್ರ ಹಿಡಿದುಕೊಳ್ಳುತ್ತಿತ್ತು. ಟ್ರ್ಯಾಕಿನ ಒಂದೊಂದು ಕೊಂಡಿಯ ಪಿನ್ನಿಗೂ ಸೂಜಿ ಬೇರಿಂಗ್, ಒಂದೊಂದಕ್ಕೂ ಎಣ್ಣೆ-ಗ್ರೀಸಿನ ಆರೈಕೆ. ಹಿಂದಿನ ಸಾಲಿನಲ್ಲಿ ನಗುತ್ತಿರುವವರು ಬಿಡಿ ಕೊಂಡಿಯ ಟ್ರ್ಯಾಕ್ ಜೋಡಿಸಿದವರೇ ಇರಬೇಕು! ಇಷ್ಟೆಲ್ಲ ಮಾಡಿಯೂ ಮುಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಇಲ್ಲ, ಅವು ಸುಮ್ನೆ ಉರುಳುತ್ತವೆ. ಅಮೆರಿಕದವರ ಹಾಫ್-ಟ್ರ್ಯಾಕಿನಲ್ಲಿ ಮುಂದಿನ ಆಕ್ಸಲ್ ಕೂಡ ಎಳೆಯುತ್ತಿತ್ತು, ಅವರು 40 ಸಾವಿರಕ್ಕಿಂತ ಹೆಚ್ಚು ಮಾಡಿದರು. ಜರ್ಮನ್ ಸೈನ್ಯದ ಬಹುಪಾಲು ನಡೆದೇ ಹೋಯಿತು, ಸಾಮಾನು ಕುದುರೆ ಎಳೆಯಿತು. ಒಂದು ಪ್ಯಾಂಜರ್ ಡಿವಿಷನ್ನಿನಲ್ಲೂ ಸಾಮಾನ್ಯವಾಗಿ ಒಂದು ಬೆಟಾಲಿಯನ್ನಿಗೆ ಮಾತ್ರ ಈ ಗಾಡಿ ಸಿಗುತ್ತಿತ್ತು. 1943ರಲ್ಲಿ ಡಿ ಮಾದರಿ ಬಂತು. ತಯಾರಿಕೆ ಸುಲಭವಾಗಲಿ ಅಂತ ತಗಡುಗಳ ಸಂಖ್ಯೆ ಕಡಿಮೆ ಮಾಡಿದರು, ಹಿಂಭಾಗ ನೇರವಾದ ಓರೆಯಾಯಿತು, ಒಳಗೆ ಮೆತ್ತನೆ ಸೀಟಿನ ಬದಲು ಮರದ ಪಟ್ಟಿಯ ಬೆಂಚು ಬಂತು. ನಮ್ಮಲ್ಲಿ ಹೆಚ್ಚಿನವರು ಕಟ್ಟುವುದು ಇದನ್ನೇ.

ಈ ಡಿ ಮಾದರಿಯ ಒಂದು ಗಾಡಿಯ ಕಥೆ ಹೇಳಲೇಬೇಕು. ಕೆಲವರು ನನ್ನಿಂದಲೇ ಕೇಳಿದ್ದೀರಿ. ಇರಲಿ, ಮತ್ತೆ ಕೇಳಿ.

1944ರ ಆಗಸ್ಟ್ 1. ವಾರ್ಸಾ ನಗರದಲ್ಲಿ ಪೋಲೆಂಡಿನ ಭೂಗತ ಸೈನ್ಯ ಜರ್ಮನರ ವಿರುದ್ಧ ಎದ್ದಿತು. ರೈಫಲ್‌ಗಳೇ ಎಲ್ಲರಿಗೂ ಇರಲಿಲ್ಲ. ಪೆಟ್ರೋಲ್ ಬಾಟಲಿಗಳಿದ್ದವು. ಮೇಲ್ಮಹಡಿಯ ಕಿಟಕಿಯಲ್ಲಿ ಒಬ್ಬ ಬಾಟಲಿ ಹಿಡಿದು ನಿಂತಿದ್ದರೆ, ಕೆಳಗೆ ಮುಚ್ಚಳವಿಲ್ಲದ ಗಾಡಿ ಹಾದುಹೋದರೆ, ಅಲ್ಲಿ ಎಂಟು ಮಿಲಿಮೀಟರ್ ಕೂಡ ಇಲ್ಲ. ಆಗಸ್ಟ್ 14ರಂದು ಪೊವಿಶ್ಲೆ ಬಡಾವಣೆಯ ಕ್ರಿಬಾರ್ ಪಡೆಯವರು ಒಂದು 251 ಡಿ ಗಾಡಿಯನ್ನು ಕಸಿದುಕೊಂಡರು. ಅದು ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್ಎಸ್‌ನ ವೀಕಿಂಗ್ ಡಿವಿಷನ್ನಿನದು. ಮೊದಲು ಅದಕ್ಕೆ ಯಾಶ್ ಅಂತ ಹೆಸರಿಟ್ಟರು. ಆಮೇಲೆ ಅದರ ಕಮಾಂಡರ್ ಆದಮ್ ದೆವಿಚ್ ಅವರ ಗುಪ್ತನಾಮವೇ ಗಾಡಿಗೂ ಬಂತು: ಶಾರಿ ವಿಲ್ಕ್, ಅಂದರೆ ಬೂದು ತೋಳ. ಬಂಡಾಯದ ಛಾಯಾಗ್ರಾಹಕ ಸಿಲ್ವೆಸ್ಟರ್ ಬ್ರೌನ್ ತೆಗೆದ ಚಿತ್ರ ಇದೆ, ದಯವಿಟ್ಟು ಎಲ್ಲರೂ ಹುಡುಕಿ ನೋಡಿ. ತಾಮ್ಕಾ ಬೀದಿಯಲ್ಲಿ ಗಾಡಿ ನಿಂತಿದೆ, ಅದರ ತುಂಬ ಬಂಡಾಯಗಾರರು.

ಅದೇ ಬಡಾವಣೆಯಲ್ಲಿ ಇನ್ನೊಂದು ಕೆಲಸ ಗುಟ್ಟಾಗಿ ನಡೆಯುತ್ತಿತ್ತು. ಒಂದು ಶೆವ್ರೊಲೆ ಲಾರಿಯ ಚಾಸಿಗೆ ಉಕ್ಕಿನ ತಗಡು ಬೆಸೆದು ತಾವೇ ಒಂದು ಕವಚದ ಗಾಡಿ ಕಟ್ಟಿದರು. ಅದರ ಹೆಸರು ಕುಬುಶ್. ಕಾರ್ಖಾನೆ ಇಲ್ಲ, ಸುತ್ತಲೂ ಶತ್ರು. ಕೆಲವೇ ದಿನಗಳಲ್ಲಿ ಗಾಡಿ ಎದ್ದು ನಿಂತಿತು. ಆಗಸ್ಟ್ 23ರಂದು ಕುಬುಶ್, ಬೂದು ತೋಳ ಎರಡೂ ಸೇರಿ ಜರ್ಮನರ ಕೈಯಲ್ಲಿದ್ದ ವಾರ್ಸಾ ವಿಶ್ವವಿದ್ಯಾಲಯದ ಮೇಲೆ ದಾಳಿಗೆ ಹೋದವು. ಗೆಲ್ಲಲು ಆಗಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಪೊವಿಶ್ಲೆ ಬಿತ್ತು, ಅಕ್ಟೋಬರ್ 2ಕ್ಕೆ ಬಂಡಾಯವೇ ಮುಗಿಯಿತು. ಒಂದೂವರೆಯಿಂದ ಎರಡು ಲಕ್ಷ ನಾಗರಿಕರು ಸತ್ತರೆಂದು ಅಂದಾಜು. ವೋಲಾ ಬಡಾವಣೆ ಒಂದರಲ್ಲೇ ಜರ್ಮನರ ಪಡೆಗಳು ಹತ್ತಾರು ಸಾವಿರ ಜನರನ್ನು ಕೊಂದವು, ಹೆಂಗಸರು ಮಕ್ಕಳು ಅಂತ ನೋಡದೆ. ಕುಬುಶ್ ಉಳಿದುಕೊಂಡಿತು. ವಾರ್ಸಾದ ಪೋಲಿಷ್ ಸೈನ್ಯದ ಸಂಗ್ರಹಾಲಯದಲ್ಲಿ ಈಗಲೂ ಇದೆ.

ಈ ಬೂದು ತೋಳ ಕಟ್ಟಲು ಬೇರೆ ಕಿಟ್ ಬೇಡ. ಅದೇ ಗಾಡಿ, ಅದೇ ಗಾಢ ಹಳದಿ ತಳಬಣ್ಣ. ಬದಲಾಗುವುದು ಜನ. ಅವರು ಹಾಕಿಕೊಂಡಿದ್ದೂ ಎಷ್ಟೋ ಸಲ ಕಸಿದುಕೊಂಡ ಜರ್ಮನ್ ಉಡುಪೇ. ಗುರುತು ತೋಳಿನ ಬಿಳಿ-ಕೆಂಪು ಪಟ್ಟಿ ಮಾತ್ರ. 1:35ರಲ್ಲಿ ಆ ಪಟ್ಟಿ ಮೂರು ಮಿಲಿಮೀಟರ್ ಅಗಲವೂ ಬರುವುದಿಲ್ಲ. ಮೊದಲು ಬಿಳಿ, ಪೂರ್ತಿ ಒಣಗಿದ ಮೇಲೆ ಕೆಳಗಿನ ಅರ್ಧಕ್ಕೆ ಕೆಂಪು, ಸಣ್ಣ ಬ್ರಶ್, ಉಸಿರು ಹಿಡಿದು. ಆ ಪಟ್ಟಿ ಬಿದ್ದ ಕೂಡಲೇ ಅದೇ ಎಂಟು ಮಿಲಿಮೀಟರ್ ಉಕ್ಕಿನ ಹಿಂದೆ ಇನ್ನೊಂದು ಪಕ್ಷದವರು ಕೂತಿರುತ್ತಾರೆ. ಕಾರ್ಡ್ ದಪ್ಪದ ಅಂಚಿಗೆ ಒಂದು ಸಂಜೆ ಕೊಡುವ ನಾವು ಇದಕ್ಕೂ ಒಂದು ಸಂಜೆ ಕೊಡಬಹುದಲ್ವಾ?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಉಳಿದಿದೆಯಂತೆ. ಬಣ್ಣ, ಟ್ರ್ಯಾಕ್, ಡಿಕ್ಯಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಮೂರೂ ಬಾಕಿ. ಬೇಗ ಹೇಳುತ್ತೇನೆ.

ಬಣ್ಣ. 1943ರ ಫೆಬ್ರವರಿವರೆಗೆ ಗಾಢ ಬೂದು. ಆಮೇಲೆ ಕಾರ್ಖಾನೆಯಿಂದ ಗಾಢ ಹಳದಿ, ಅದರ ಮೇಲೆ ಹಸಿರು ಮತ್ತು ಕೆಂಗಂದನ್ನು ದಳದವರೇ ಹಚ್ಚಿಕೊಳ್ಳುತ್ತಿದ್ದರು. ಬಣ್ಣದ ಪೇಸ್ಟನ್ನು ಪೆಟ್ರೋಲಿನಲ್ಲೋ ನೀರಿನಲ್ಲೋ ಕಲಸುತ್ತಿದ್ದರು. ಹಾಗಾಗಿ ಎರಡು ಗಾಡಿ ಒಂದೇ ಥರ ಇರಲಿಲ್ಲ. ತುಕ್ಕು ಕಡಿಮೆ ಹಾಕಿ, ಧೂಳು ಜಾಸ್ತಿ ಹಾಕಿ. ಕರಾವಳಿಯಿಂದ ಬಂದವರು ಮಳೆಗಾಲದಲ್ಲಿ ಲ್ಯಾಕರ್ ಏರ್‌ಬ್ರಶ್ ಮಾಡಬೇಡಿ, ತೇವಕ್ಕೆ ಬಣ್ಣ ಬೆಳ್ಳಗಾಗುತ್ತದೆ.

ಟ್ರ್ಯಾಕ್ ಬಗ್ಗೆ ಊಟದ ಹೊತ್ತಿನಲ್ಲಿ ಕೇಳಿ. ಫೋಟೋ ನೋಡುವಾಗ ಒಂದು ಎಚ್ಚರಿಕೆ ಮಾತ್ರ. ಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯಾದವರು ಇದೇ ಗಾಡಿಯನ್ನು ಟಾಟ್ರಾ ಡೀಸೆಲ್ ಎಂಜಿನ್ ಹಾಕಿ ಒಟಿ-810 ಅಂತ ಮಾಡಿದರು. ಅವರು ಮೇಲೆ ಉಕ್ಕಿನ ಮುಚ್ಚಳ ಹಾಕಿದರು, ಗಮನಿಸಿ. ಸಿನಿಮಾಗಳಲ್ಲಿ ಎಷ್ಟೋ ಸಲ ಆ ಗಾಡಿಯೇ ಜರ್ಮನ್ ವೇಷದಲ್ಲಿ ಬರುತ್ತದೆ. ಅದನ್ನು ನೋಡಿ ವಿವರ ತಿದ್ದಬೇಡಿ.

ಡಿಕ್ಯಾಲ್. ನಂಬರ್ ಪ್ಲೇಟ್ ನೋಡಿ ಅಂಟಿಸಿ. ಡಬ್ಲ್ಯುಎಚ್ ಅಂತ ಶುರುವಾದರೆ ಸೈನ್ಯದ್ದು. ಎರಡು ಮಿಂಚಿನ ಗುರುತು ಇದ್ದರೆ ಎಸ್ಎಸ್‌ನದು. ಹಾಳೆಯಲ್ಲಿ ಎರಡೂ ಇರುತ್ತವೆ, "ಇದು ಚೆನ್ನಾಗಿ ಕಾಣುತ್ತೆ" ಅಂತ ಎರಡನೆಯದನ್ನು ಹಾಕುವವರಿದ್ದಾರೆ. ಹಾಗೆ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಎಸ್ಎಸ್ ಗಾಡಿ ಕಟ್ಟುವುದಾದರೆ ಆ ದಳ ಏನು ಮಾಡಿತು ಅಂತ ಓದಿ, ಆಮೇಲೆ ಅಂಟಿಸಿ.

ಇದೆಲ್ಲ ನಮಗೆ ದೂರದ ಕಥೆ ಅನ್ನುವವರಿಗೆ ಒಂದು ಮಾತು. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ದಳದ ತಂಡಗಳು ಉತ್ತರ ಆಫ್ರಿಕಾದಲ್ಲಿ, ಇಟಲಿಯಲ್ಲಿ ಇದೇ ಜರ್ಮನ್ ಸೈನ್ಯದ ಎದುರು ಮೈನ್ ತೆಗೆದವು, ಸೇತುವೆ ಕಟ್ಟಿದವು. ಮುಂದಿನ ವರ್ಷ ಮೇಜಿನ ಮೇಲೆ ಅವರದೂ ಒಂದು ದೃಶ್ಯ ನೋಡಲು ನನಗೆ ಆಸೆ.

ಆಯೋಜಕರನ್ನು ಕೇಳಿ ಖಾಲಿ ಚೀಟಿಗಳನ್ನು ಬಾಗಿಲ ಬಳಿ ಇಡಿಸಿದ್ದೇನೆ. ಜರ್ಮನ್ ಗಾಡಿ ಇಟ್ಟಿರುವವರು ಊಟಕ್ಕೆ ಮೊದಲು ಒಂದೊಂದು ತೆಗೆದುಕೊಳ್ಳಿ. ದಳ, ಊರು, ವರ್ಷ, ಅಲ್ಲಿ ನಡೆದದ್ದು, ಇಷ್ಟು ಬರೆದು ಮಾದರಿಯ ಮುಂದೆ ಇಡಿ. ದಳ ಯಾವುದು ಅಂತ ಗೊತ್ತಾಗದಿದ್ದರೆ ನಂಬರ್ ಪ್ಲೇಟ್, ಬಣ್ಣ ನೋಡಿ ಒಟ್ಟಿಗೆ ಹುಡುಕೋಣ, ನಾನು ಎರಡನೇ ಮೇಜಿನ ಹತ್ತಿರ ಇರುತ್ತೇನೆ. ನಮಸ್ಕಾರ.