ಉತ್ತರಕ್ಕೆ ಮುಖ ಮಾಡಿದ ಸಮಾಧಿ: ಯೋಶಿನೋ ಬೆಟ್ಟದಲ್ಲಿ ಒಂದು ದಿನ

ಜಪಾನಿನ ಯೋಶಿನೋ ಬೆಟ್ಟ ನಾನು ಹತ್ತಿದ್ದೆಲ್ಲ ಈ ವಿಡಿಯೊದಲ್ಲಿ ನೋಡಿದ್ರಲ್ಲ, ಅದನ್ನ ಬಿಡಿ. ಈ ಬೆಟ್ಟದಲ್ಲಿ ಸುಮಾರು 30,000 ಸಾಕುರ, ಅಂದ್ರೆ ಚೆರ್ರಿ ಹೂವಿನ ಮರ ಇದೆ ಅಂತಾರೆ. ನಾನು ಹೋಗಿದ್ದು ಹೂವಿನ ಕಾಲದಲ್ಲಲ್ಲ. ಹೋಗಿದ್ದು 14ನೇ ಶತಮಾನದ ಜಪಾನಿನ ಗೋ-ದೈಗೋ ಚಕ್ರವರ್ತಿಗೋಸ್ಕರ.

ಇದು ಯೋಶಿಮಿಝು ಗುಡಿ. ರಾಜಧಾನಿ ಕ್ಯೋಟೋ ಬಿಟ್ಟು ಬಂದ ಗೋ-ದೈಗೋ ಉಳ್ಕೊಂಡಿದ್ದು ಇಲ್ಲೇ. ಊರು ಬಿಡೋ ಹಾಗಾಗಿದ್ದಕ್ಕೆ, ನನ್ನ ಕೇಳಿದ್ರೆ, ತಪ್ಪು ಅವನದೇ. 1331ರಲ್ಲಿ ಕಾಮಕುರದಲ್ಲಿದ್ದ ಶೋಗುನ್, ಅಂದ್ರೆ ಸೇನಾಧಿಪತಿಗಳ ಆಡಳಿತ ಬೀಳಿಸೋಕೆ ಹೋಗಿ ಸಿಕ್ಕಿಬಿದ್ದ, ಓಕಿ ದ್ವೀಪಕ್ಕೆ ಗಡೀಪಾರಾದ. 1333ರಲ್ಲಿ ಅಲ್ಲಿಂದ ತಪ್ಪಿಸ್ಕೊಂಡು ಬಂದ, ಅದೇ ವರ್ಷ ಕಾಮಕುರ ಬಿತ್ತು. ಬೀಳಿಸಿದ್ದು ಯಾರು? ಕತ್ತಿ ಹಿಡಿದ ಸಮುರಾಯಿಗಳು. ಆದ್ರೆ ಉಡುಗೊರೆ ಹಂಚೋವಾಗ ಆಸ್ಥಾನದವರಿಗೇ ಮಣೆ. ಸಾಲದು ಅಂತ ಹೊಸ ಅರಮನೆ ಕಟ್ಟಿಸೋಕೆ ತೆರಿಗೆ ಬೇರೆ! ಆ ಸಮುರಾಯಿಗಳ ನಾಯಕ ಆಶಿಕಾಗ ತಕಾಉಜಿ ತಿರುಗಿಬೀಳದೆ ಇನ್ನೇನು ಮಾಡ್ತಾನೆ? ಮೂರೇ ವರ್ಷಕ್ಕೆ ಎಲ್ಲ ಮುಗೀತು, ಚಕ್ರವರ್ತಿ ಇಲ್ಲಿಗೆ ಓಡಿಬಂದ.

ಇಲ್ಲೇ ನೋಡಿ, ನನ್ನ ಬಲಗಾಲು. ಶೂ ಸೋಲ್ ಮುಂದಿನಿಂದ ಹಿಮ್ಮಡಿವರೆಗೂ ಕಿತ್ಕೊಂಡು ಬಂದಿದೆ. 7,000 ರೂಪಾಯಿ ಕೊಟ್ಟಿದ್ದೆ ರೀ! ‘ಎಂಥ ಬೆಟ್ಟಕ್ಕಾದ್ರೂ ಹಾಕ್ಕೊಂಡು ಹೋಗಿ’ ಅಂದಿದ್ದ ಅಂಗಡಿಯವನು. ಎರಡು ತಿಂಗಳೂ ಆಗಿಲ್ಲ. ಒಂದೊಂದು ಹೆಜ್ಜೆಗೂ ಚಪ್, ಚಪ್ ಅನ್ನೋದು, ಒಳಗೆ ಸಣ್ಣ ಸಣ್ಣ ಕಲ್ಲು. ಲೇಸ್ ಬಿಚ್ಚಿ ಸುತ್ತಿದೆ, ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿತು. ತಿಂಡಿ ಅಂಗಡಿಯ ಅಜ್ಜಿ ನೋಡಿ, ಏನೂ ಕೇಳದೆ, ಪಾರ್ಸೆಲ್ ಟೇಪು ತಂದು ನಾಲ್ಕು ಸುತ್ತು ಸುತ್ತಿ, ಹಲ್ಲಲ್ಲೇ ಕಡಿದ್ರು. ದುಡ್ಡು ಮುಟ್ಟಲಿಲ್ಲ. ಅವರ ಹತ್ರಾನೇ ಕಕಿನೋಹ-ಝುಶಿ ತಗೊಂಡೆ. ಉಪ್ಪು ಹಾಕಿದ ಮೀನು, ಅನ್ನ, ಸುತ್ತ ಪರ್ಸಿಮನ್ ಹಣ್ಣಿನ ಮರದ ಎಲೆ. ಎಲೆ ತಿನ್ನಬಾರದು. ಸಮುದ್ರ ಇಲ್ಲದ ಈ ಸೀಮೆಯಲ್ಲಿ ಮೀನು ಕೆಡದೆ ಇರಲಿ ಅಂತ ಹುಟ್ಟಿದ ಊಟ. ಮೊದಲ ತುತ್ತಿಗೆ ಹುಳಿ ಜಾಸ್ತಿ ಅನ್ನಿಸ್ತು, ಮೂರನೇದಕ್ಕೆ ಇನ್ನೊಂದು ಪೊಟ್ಟಣ ಕೇಳಿದೆ.

ಆ, ಸಮಾಧಿ ಬಂತು. ನ್ಯೋಯಿರಿನ್-ಜಿ ದೇವಸ್ಥಾನದ ಹಿಂದೆ. ಚಕ್ರವರ್ತಿಗಳ ಸಮಾಧಿ ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡಿರುತ್ತೆ. ಇದು ಉತ್ತರಕ್ಕೆ. ಫೋನಿನ ದಿಕ್ಸೂಚಿ ತೆಗೆದು ನೋಡಿದೆ, ಹೌದು. ಆ ಕಡೆ ಕ್ಯೋಟೋ. 1339ರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟು ಮರುದಿನವೇ ತೀರಿಕೊಂಡ. ಮೂಳೆ ಈ ಬೆಟ್ಟದಲ್ಲಿ ಹೂತುಹೋದ್ರೂ ಆತ್ಮ ಉತ್ತರದ ಆಕಾಶಾನೇ ನೋಡ್ತಿರುತ್ತೆ ಅಂದನಂತೆ, ಆ ಕಾಲದ ಯುದ್ಧಗಳ ಕಥೆ ಹೇಳೋ ಹಳೇ ಗ್ರಂಥ ‘ತೈಹೇಕಿ’ಯಲ್ಲಿ ಬರುತ್ತೆ. ಮಗ, ಮೊಮ್ಮಕ್ಕಳು 1392ರವರೆಗೂ ಕ್ಯೋಟೋದ ಆಸ್ಥಾನಕ್ಕೆ ಎದುರಾಗಿ ಬೇರೆ ಆಸ್ಥಾನ ನಡೆಸಿದ್ರು.

ಆಗ್ಲೇ ಅಷ್ಟು ಬೈದೆನಲ್ಲ, ಇಲ್ಲಿ ನಿಂತಾಗ ಬಾಯೇ ಬರಲಿಲ್ಲ. ಊರು ಕಳ್ಕೊಂಡ ಮನುಷ್ಯ ಅವನು. ಅವನ ದಿಕ್ಕಿಗೇ ಕ್ಯಾಮೆರಾ ತಿರುಗಿಸಿದ್ದೀನಿ ನೋಡಿ, ಮರಗಳೇ ಅಡ್ಡ. ಅಷ್ಟರಲ್ಲಿ ಟೇಪು ಬಿಡ್ತು, ಕತ್ತಲೂ ಆಗ್ತಿತ್ತು, ಓಡಿದೆ.